ಪರದೇಶದಲ್ಲಿ ಒಂದು ಸಂವತ್ಸರ

ಇಟಲಿಯ ಫ್ಲಾರೆನ್ಸ್ ನಗರವನ್ನು ನೋಡಲು ಹೋದವರು ಆರ್ನೋ ನದಿಯನ್ನು ದಾಟಿ ಪಿಟ್ಟಿ ಅರಮನೆಯ ಕಡೆಗೆ ನಡೆಯುವುದು ವಾಡಿಕೆ. ಅರಮನೆಯ ವಿಶಾಲವಾದ ಅಂಗಳವನ್ನು ಬಿಟ್ಟು ಸ್ವಲ್ಪ ಮುಂದೆ ಹೋದರೆ ಸಾನ್ ಫೆಲೀಚೆ ಎಂಬ ಹಳೆಯ ಚರ್ಚು ಸಿಗುತ್ತದೆ. ಅದರ ಎದುರಿಗೆ, ಬೀದಿಗಳು ಕೂಡುವಲ್ಲಿ, ದಪ್ಪ ಗೋಡೆಗಳ, ಎತ್ತರವಾದ ಕಿಟಕಿಗಳ ಒಂದು ಪುರಾತನ ಮಹಲು ನಿಂತಿದೆ. ಅದರ ಗೋಡೆಯ ಮೇಲೆ ಫ್ಲಾರೆನ್ಸಿನ ಪೌರರು ಕೃತಜ್ಞತೆಯಿಂದ ಇರಿಸಿದ ಒಂದು ಶಿಲಾಫಲಕವುಂಟು. ಒಬ್ಬ ಆಂಗ್ಲ ಕವಯಿತ್ರಿ ಇಲ್ಲಿ ಬಾಳಿ, ಬರೆದು, ಇಲ್ಲಿಯೇ ದೇಹವಿಟ್ಟಳೆಂದೂ, ತನ್ನ ಕಾವ್ಯದಿಂದ ಎರಡು ದೇಶಗಳನ್ನು ಬೆಸೆದಳೆಂದೂ ಆ ಫಲಕ ಸಾರುತ್ತದೆ. ಆಕೆ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್. ಆ ಮನೆಯೇ ‘ಕಾಸಾ ಗ್ವೀದಿ’.

ಎಲಿಜಬೆತ್ ಮತ್ತು ಆಕೆಯ ಪತಿ ರಾಬರ್ಟ್ ಬ್ರೌನಿಂಗ್ ಈ ಮನೆಗೆ ಬಂದದ್ದು 1847ರ ಜುಲೈ ತಿಂಗಳಿನಲ್ಲಿ. ಆಗ ಅವರು ಇಂಗ್ಲೆಂಡನ್ನು ಬಿಟ್ಟು ಹತ್ತು ತಿಂಗಳಾಗಿದ್ದುವು. ಅವರಿಬ್ಬರ ಪ್ರೇಮಕಥೆಯನ್ನು ಲೋಕ ಬಲ್ಲದು. ಆದರೆ ಪ್ರೇಮಕಥೆ ಮುಗಿದ ಮೇಲೆ ಆರಂಭವಾದ ಆ ಮೊದಲ ವರ್ಷದ ಕಥೆ, ಗಂಡಹೆಂಡಿರು ಗುರುತಿಲ್ಲದ ನಾಡಿನಲ್ಲಿ ಊರಿಂದೂರಿಗೆ ಅಲೆದು, ಕಡೆಗೆ ಒಂದು ಮನೆ ಕಟ್ಟಿಕೊಂಡ ಕಥೆ, ಅದಕ್ಕಿಂತ ಕಡಮೆ ಸ್ವಾರಸ್ಯದ್ದಲ್ಲ.

ಲಂಡನ್ನಿನ ವಿಂಪೋಲ್ ಬೀದಿಯ 50ನೆಯ ನಂಬರಿನ ಮನೆಯಲ್ಲಿ ಎಲಿಜಬೆತ್ ವರ್ಷಗಟ್ಟಲೆ ಒಂದೇ ಕೊಠಡಿಯಲ್ಲಿ ಕಾಲ ಕಳೆದವಳು. ಶ್ವಾಸಕೋಶದ ರೋಗ ಆಕೆಯನ್ನು ಹಾಸಿಗೆಗೆ ಕಟ್ಟಿಹಾಕಿತ್ತು. ಅಫೀಮಿನ ಔಷಧವಿಲ್ಲದೆ ನಿದ್ರೆ ಸುಳಿಯುತ್ತಿರಲಿಲ್ಲ. 1840ರಲ್ಲಿ ಅಚ್ಚುಮೆಚ್ಚಿನ ತಮ್ಮನೊಬ್ಬ ಕಡಲಿನಲ್ಲಿ ಮುಳುಗಿ ಸತ್ತ ಮೇಲೆ ಮನಸ್ಸೂ ಕುಗ್ಗಿಹೋಗಿತ್ತು. ಆದರೂ ಆ ಕೊಠಡಿಯಿಂದಲೇ ಆಕೆಯ ಕೀರ್ತಿ ಹೊರಗೆ ಹಬ್ಬಿತು. 1844ರಲ್ಲಿ ಪ್ರಕಟವಾದ ಕವಿತೆಗಳನ್ನು ಓದಿ ಮೆಚ್ಚಿದ ರಾಬರ್ಟ್ ಬ್ರೌನಿಂಗ್, 1845ರ ಜನವರಿಯಲ್ಲಿ ಆಕೆಗೆ ಮೊದಲ ಕಾಗದ ಬರೆದ. ಅವಳಿಗಿಂತ ಆರು ವರ್ಷ ಕಿರಿಯ; ಹೆಸರು ಇನ್ನೂ ಅಷ್ಟಾಗಿ ಬೆಳಗಿರಲಿಲ್ಲ; ಸ್ವಂತ ವರಮಾನವೂ ಇರಲಿಲ್ಲ. ಮುಂದಿನ ಇಪ್ಪತ್ತು ತಿಂಗಳುಗಳಲ್ಲಿ ಅವರಿಬ್ಬರ ನಡುವೆ ಐನೂರಕ್ಕೂ ಮಿಕ್ಕ ಪತ್ರಗಳು ಓಡಾಡಿದುವು.

ತಂದೆ ಎಡ್ವರ್ಡ್ ಬ್ಯಾರೆಟ್ ಮಕ್ಕಳನ್ನು ಪ್ರೀತಿಸದವನಲ್ಲ. ಆದರೆ ತನ್ನ ಮಕ್ಕಳಲ್ಲಿ ಯಾರೊಬ್ಬರೂ ಮದುವೆಯಾಗಕೂಡದೆಂಬುದು ಆತನ ವಿಚಿತ್ರ ಹಟ. 1845ರಲ್ಲಿ ವೈದ್ಯರು, ಲಂಡನ್ನಿನ ಚಳಿ ಈ ದೇಹಕ್ಕೆ ಒಗ್ಗದು, ಇಟಲಿಯ ಪೀಸಾ ನಗರದಲ್ಲಿ ಚಳಿಗಾಲ ಕಳೆದರೆ ಒಳಿತು ಎಂದು ಸಲಹೆ ಮಾಡಿದರು. ತಂದೆ ಒಪ್ಪಲಿಲ್ಲ. ತನ್ನ ಪ್ರಾಣಕ್ಕಿಂತ ತಂದೆಗೆ ತನ್ನ ಅಧಿಕಾರವೇ ದೊಡ್ಡದೆಂಬ ಅರಿವು ಮಗಳ ಎದೆಯಲ್ಲಿ ಆಗಲೇ ನೆಟ್ಟಿರಬೇಕು.

1846ರ ಸೆಪ್ಟೆಂಬರ್ 12ರಂದು, ನಲವತ್ತು ವರ್ಷದ ಎಲಿಜಬೆತ್ ತನ್ನ ಪರಿಚಾರಿಕೆ ವಿಲ್ಸನಳ ತೋಳನ್ನು ಹಿಡಿದು ಮನೆಯಿಂದ ಹೊರಟಳು. ದಾರಿಯಲ್ಲಿ ತಲೆ ಸುತ್ತಿ ಬಂದು, ಔಷಧದಂಗಡಿಯೊಂದರಲ್ಲಿ ಚೇತರಿಸಿಕೊಂಡು, ಮೇರಿಲೆಬೋನ್ ಚರ್ಚಿಗೆ ಹೋಗಿ ರಾಬರ್ಟನನ್ನು ಮದುವೆಯಾದಳು. ಮದುವೆ ಮುಗಿದ ಕೂಡಲೆ ಉಂಗುರವನ್ನು ತೆಗೆದಿರಿಸಿ ತೌರುಮನೆಗೇ ಹಿಂದಿರುಗಿದಳು! ಒಂದು ವಾರ ಏನೂ ನಡೆಯದವಳಂತೆ ತಂದೆಯ ಮನೆಯಲ್ಲಿಯೇ ಇದ್ದಳು. 19ರಂದು ಮತ್ತೆ ವಿಲ್ಸನಳೊಡನೆ, ಫ್ಲಷ್ ಎಂಬ ತನ್ನ ನಾಯಿಯನ್ನು ಕರೆದುಕೊಂಡು, ತಂದೆಗೊಂದು ಪತ್ರ ಬಿಟ್ಟು ಹೊರಬಿದ್ದಳು. ರೈಲಿನಲ್ಲಿ ಸೌತಾಂಪ್ಟನ್ ರೇವು. ಅಲ್ಲಿಂದ ರಾತ್ರಿಯ ಹಡಗಿನಲ್ಲಿ ಫ್ರಾನ್ಸ್. ರಾಬರ್ಟನ ಜೇಬಿನಲ್ಲಿದ್ದುದು ಅವನ ತಂದೆಯಿಂದ ಸಾಲವಾಗಿ ಪಡೆದ ನೂರು ಪೌಂಡು. ಮುಂದಿನ ಸಂಸಾರಕ್ಕೆ ಆಧಾರ, ಎಲಿಜಬೆತ್ತಳಿಗೆ ಬಂಧುಗಳಿಂದ ಬಂದಿದ್ದ ಸ್ವಂತ ಹಣ.

ವರ್ಷಗಟ್ಟಲೆ ಮೆಟ್ಟಿಲಿಳಿಯುವುದೇ ಸಾಹಸವಾಗಿದ್ದ ದೇಹ ಈ ದೂರದ ಪ್ರಯಾಣವನ್ನು ತಾಳೀತೇ? ಇಲ್ಲಿ ಸೋತರೆ ರಾಬರ್ಟನ ತಲೆಯ ಮೇಲೆ ಕೊಲೆಯ ಹೊರೆಯೇ ಬೀಳುವಂತಿತ್ತು. ಪ್ಯಾರಿಸ್ಸಿನಲ್ಲಿ ಅವರ ಪರಿಚಿತೆ, ಕಲಾವಿಮರ್ಶಕಿ ಆನಾ ಜೇಮ್ಸನ್, ಈ ದಂಪತಿಗಳನ್ನು ಕಂಡು ಬೆರಗಾದಳು. ತಾನೂ ತನ್ನ ಸಂಬಂಧಿಯಾದ ಹುಡುಗಿಯೂ ಪೀಸಾದವರೆಗೆ ಜೊತೆಗೂಡಿದರು. ರೋನ್ ನದಿಯ ಮೇಲೆ ಉಗಿಹಡಗಿನಲ್ಲಿ ಆವಿನ್ಯೋನ್ ತಲುಪಿದ ಮೇಲೆ, ಅಲ್ಲಿಗೆ ಹತ್ತಿರದ ವೋಕ್ಲೂಸಿಗೆ ಹೋದರು. ಹದಿನಾಲ್ಕನೆಯ ಶತಮಾನದಲ್ಲಿ ಇಟಲಿಯ ಮಹಾಕವಿ ಪೆಟ್ರಾರ್ಕ್ ನೆಲಸಿದ್ದ, ಬಂಡೆಗಳ ಬುಡದಿಂದ ನೀರು ಉಕ್ಕಿ ಹೊರಡುವ ಕಣಿವೆ ಅದು. ರಾಬರ್ಟ್ ಹೆಂಡತಿಯನ್ನು ಎತ್ತಿಕೊಂಡು ನೀರನ್ನು ದಾಟಿ ಪ್ರವಾಹದ ನಡುವಿನ ಬಂಡೆಯೊಂದರ ಮೇಲೆ ಕುಳ್ಳಿರಿಸಿದ. ಮುಚ್ಚಿದ ಕೊಠಡಿಯ ರೋಗಿ ಬಯಲಿನ ಗಾಳಿಯಲ್ಲಿ, ಭೋರ್ಗರೆಯುವ ನೀರಿನ ಮಧ್ಯೆ ಕುಳಿತ ಆ ಗಳಿಗೆಯೇ ಈ ಪ್ರವಾಸದ ನಿಜವಾದ ಆರಂಭ.

ಮಾರ್ಸೇಲ್ಸಿನಿಂದ ಸಮುದ್ರಮಾರ್ಗವಾಗಿ ಜಿನೋವಾ, ಲಿವೋರ್ನೋಗಳನ್ನು ಹಾದು ಅಕ್ಟೋಬರ್ ಮಧ್ಯದ ಹೊತ್ತಿಗೆ ಅವರು ತಲುಪಿದ ಊರು ಪೀಸಾ. ತಂದೆ ಬೇಡವೆಂದ ಪೀಸಾ! ಹಿಂದಿನ ವರ್ಷ ಅಪ್ಪಣೆ ಸಿಕ್ಕದ ಊರಿನಲ್ಲಿ ಈಗ ಆಕೆ ಗೃಹಿಣಿಯಾಗಿ ನಿಂತಳು. ಕತೀಡ್ರಲಿಗೂ ಲೋಕಪ್ರಸಿದ್ಧವಾದ ವಾಲುಗೋಪುರಕ್ಕೂ ಸಮೀಪದಲ್ಲಿ, ವಸಾರಿಯ ನಿರ್ಮಾಣವೆಂದು ಹೆಸರಾದ ಹಳೆಯ ವಿದ್ಯಾಶಾಲೆಯ ಕಟ್ಟಡದಲ್ಲಿ ಆರು ತಿಂಗಳಿಗೆ ಕೋಣೆಗಳನ್ನು ಹಿಡಿದರು. ಅಡಿಗೆಯ ಗೊಡವೆ ಇಲ್ಲ. ಊಟ ಹತ್ತಿರದ ಭೋಜನಶಾಲೆಯಿಂದ ಬರುತ್ತಿತ್ತು. ಬಿಸಿಲಿದ್ದಾಗ ನದಿಯ ದಂಡೆಯಲ್ಲಿ ಅಡ್ಡಾಟ, ಸಂಜೆ ಬೆಂಕಿಯ ಮುಂದೆ ಕುಳಿತು ಓದು, ಮಾತು. ಹಿಂದೆ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲೂ ಅಂಜುತ್ತಿದ್ದ ಹೆಂಗಸಿನ ಕೆನ್ನೆ ತುಂಬಿಕೊಂಡಿತು, ಕೆಮ್ಮು ಹಿಂಜರಿಯಿತು. ನಡುವೆ ವಿಲ್ಸನ್ ಕಾಯಿಲೆ ಬಿದ್ದಾಗ, ಎಲ್ಲ ಕೆಲಸಕ್ಕೂ ಆಳಿನ ಕೈಯನ್ನೇ ನಂಬಿದ್ದ ಎಲಿಜಬೆತ್ ತನ್ನ ಬಟ್ಟೆಬರೆ, ಕೂದಲುಗಳನ್ನು ತಾನೇ ನೋಡಿಕೊಳ್ಳುವುದನ್ನು ಕಲಿಯಬೇಕಾಯಿತು. ನಲವತ್ತರ ಮೇಲೆ ಕಲಿತ ಈ ಪಾಠ ಸಣ್ಣದೇನಲ್ಲ. ಆ ಪ್ರವಾಸದಲ್ಲಿ ಇಬ್ಬರ ಧೈರ್ಯದ ಹಿಂದೆ ಮೂರನೆಯವಳೊಬ್ಬಳ ಧೈರ್ಯವೂ ಇತ್ತೆಂಬುದನ್ನು ಮರೆಯಲಾಗದು. ಒಡೆಯನ ಕೋಪಕ್ಕೆ ಬೆದರದೆ, ಭಾಷೆಯರಿಯದ ದೇಶಕ್ಕೆ ಬಂದ ವಿಲ್ಸನಳಿಲ್ಲದಿದ್ದರೆ ಈ ಹೊರಡಾಟ ಸಾಧ್ಯವಾಗುತ್ತಿರಲಿಲ್ಲ.

ಆ ಚಳಿಗಾಲದಲ್ಲಿಯೇ, ಪೀಸಾದ ಕೋಣೆಯಲ್ಲಿ ಕುಳಿತು, ಎಲಿಜಬೆತ್ ಒಂದು ಉಗ್ರವಾದ ಕವಿತೆಯನ್ನು ಬರೆದಳು. ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಓಡಿಬಂದ ಒಬ್ಬ ಕಪ್ಪು ಹೆಂಗಸಿನ ಗೋಳು ಅದರ ವಸ್ತು. ಬಾಸ್ಟನ್ನಿನ ಗುಲಾಮಗಿರಿ ವಿರೋಧಿಗಳ ಪುಸ್ತಕವೊಂದರಲ್ಲಿ ಅದು ಪ್ರಕಟವಾಯಿತು. ಬ್ಯಾರೆಟ್ ವಂಶದ ಐಶ್ವರ್ಯವಾದರೂ ಬಂದದ್ದು ಜಮೈಕಾ ದ್ವೀಪದ ಕಬ್ಬಿನ ತೋಟಗಳಿಂದ, ಗುಲಾಮರ ಬೆವರಿನಿಂದ. ಮನೆಯೊಳಗಿದ್ದಾಗ ಕಾಣುವುದಕ್ಕಿಂತ ಮನೆಯಿಂದ ದೂರ ಬಂದಾಗ ಮನೆಯ ಸ್ವರೂಪ ಹೆಚ್ಚು ನಿಚ್ಚಳವಾಗಿ ಕಾಣುವುದುಂಟು. ಪ್ರವಾಸದ ಲಾಭಗಳಲ್ಲಿ ಇದೂ ಒಂದು, ಸುಖದ ಲಾಭವಲ್ಲ.

ದುಃಖವೂ ಜೊತೆಯಲ್ಲಿಯೇ ಬಂದಿತ್ತು. 1847ರ ಮಾರ್ಚಿನಲ್ಲಿ ಎಲಿಜಬೆತ್ತಳಿಗೆ ಗರ್ಭಪಾತವಾಯಿತು. ಬಾಣಂತನಕ್ಕೆ ತೌರಿಲ್ಲ, ಬಳಿಯಲ್ಲಿ ತಂಗಿಯರಿಲ್ಲ. ರಾಬರ್ಟನೇ ಹಾಸಿಗೆಯ ಪಕ್ಕದಲ್ಲಿ ಕುಳಿತು ಆರೈಕೆ ಮಾಡಿದ. ಮದುವೆಯಾದ ಹೆಣ್ಣು ತೌರನ್ನು ಬಿಡುವುದು ಲೋಕರೂಢಿ. ಆದರೆ ಹಬ್ಬಕ್ಕೋ ಹೆರಿಗೆಗೋ ಮತ್ತೆ ಆ ಹೊಸ್ತಿಲನ್ನು ತುಳಿಯುವೆನೆಂಬ ನೆಚ್ಚಿಕೆ ಆಕೆಯ ಮನಸ್ಸಿನಲ್ಲಿ ಉಳಿದಿರುತ್ತದೆ. ಎಲಿಜಬೆತ್ತಳಿಗೆ ಅಂಥ ನೆಚ್ಚಿಕೆಗೆ ಎಡೆಯಿರಲಿಲ್ಲ. ತಂದೆಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ.

ಏಪ್ರಿಲಿನಲ್ಲಿ ದಂಪತಿಗಳು ಫ್ಲಾರೆನ್ಸಿಗೆ ಬಂದರು. ಬೇಸಗೆಯ ಧಗೆ ಏರಿದಾಗ ತಂಪನ್ನರಸಿ, ಬೆಟ್ಟದ ಮೇಲಣ ವಾಲೊಂಬ್ರೋಸಾ ಮಠಕ್ಕೆ ಹೊರಟರು. ಮಿಲ್ಟನ್ ಕವಿ ತನ್ನ ಮಹಾಕಾವ್ಯದಲ್ಲಿ ನೆನೆದ ಕಾಡು ಅದು. ಕಡಿದಾದ ದಾರಿಯಲ್ಲಿ ಎಲಿಜಬೆತ್ತಳೂ ವಿಲ್ಸನಳೂ ಏರಿದ ವಾಹನವೆಂದರೆ, ಬಿಳಿಯ ಎತ್ತುಗಳು ಎಳೆಯುವ, ಚಕ್ರಗಳೇ ಇಲ್ಲದ ಬುಟ್ಟಿ! ಎರಡು ತಿಂಗಳು ಅಲ್ಲಿ ತಂಗುವುದೆಂಬ ಮನೋರಥ. ಆದರೆ ಮಠಾಧಿಪತಿ ಹೆಂಗಸರ ವಾಸಕ್ಕೆ ಸಮ್ಮತಿಸಲಿಲ್ಲ. ಐದು ದಿನಗಳಾದ ಮೇಲೆ, ದಟ್ಟವಾದ ಫರ್ ಮರಗಳ ಚೆಲುವನ್ನು ಕಣ್ತುಂಬ ನೋಡಿದುದೇ ಲಾಭವೆಂದುಕೊಂಡು, ಬಂದ ದಾರಿಯಲ್ಲೇ ಕೆಳಗಿಳಿಯಬೇಕಾಯಿತು. ವಿಂಪೋಲ್ ಬೀದಿಯಲ್ಲಿ ಹೊರಗೆ ಹೋಗಲು ಅಪ್ಪಣೆಯಿಲ್ಲ. ಇಲ್ಲಿ ಒಳಗೆ ಇರಲು ಅಪ್ಪಣೆಯಿಲ್ಲ. ಆದರೆ ಈ ಸಲ ನಿರಾಸೆಯನ್ನು ಹಂಚಿಕೊಳ್ಳಲು ಜೊತೆಯಿತ್ತು. ಅದರಿಂದ ಈ ಪ್ರಸಂಗ ಅವರ ಪತ್ರಗಳಲ್ಲಿ ನಗೆಯ ಕಥೆಯಾಗಿ ಉಳಿಯಿತು.

ಹೀಗೆ ಹಿಂದಿರುಗಿದವರಿಗೆ ದೊರೆತದ್ದು ಕಾಸಾ ಗ್ವೀದಿ. ಎತ್ತರವಾದ ಮಾಳಿಗೆಯ ತಂಪಾದ ಕೋಣೆಗಳು. ಬೀದಿಯ ಮೇಲೆ ಚಾಚಿದ, ಇಬ್ಬರು ನಡೆಯುವಷ್ಟೇ ಅಗಲದ ಮೊಗಸಾಲೆ. ಬೆಳುದಿಂಗಳಿನಲ್ಲಿ ಅಲ್ಲಿ ಹಿಂದಕ್ಕೂ ಮುಂದಕ್ಕೂ ಅಡ್ಡಾಡುತ್ತಿದ್ದರೆ ಎದುರಿನ ಚರ್ಚಿನಿಂದ ಹಾಡು ಕೇಳಿಬರುತ್ತಿತ್ತು. ಊರೂರು ತಿರುಗುವ ಆಸೆ ಅಲ್ಲಿ ತಾನಾಗಿಯೇ ಇಳಿಯಿತು.

ಸೆಪ್ಟೆಂಬರ್ 12 ಮತ್ತೆ ಬಂದಿತು. ಮದುವೆಯಾಗಿ ಒಂದು ವರ್ಷ. ಅಂದು ಫ್ಲಾರೆನ್ಸಿಗೂ ಹಬ್ಬವಾಗಿತ್ತು. ಆಗ ಇಟಲಿ ಒಂದೇ ದೇಶವಾಗಿರಲಿಲ್ಲ. ಹಲವು ಸಂಸ್ಥಾನಗಳಾಗಿ ಒಡೆದು, ಆಸ್ಟ್ರಿಯದ ನೆರಳಿನಲ್ಲಿ ಬಾಳುತ್ತಿತ್ತು. ಟಸ್ಕನಿಯ ಪ್ರಭು ಎರಡನೆಯ ಲಿಯೋಪೋಲ್ಡ್ ಪೌರರಿಗೆ ತಮ್ಮದೇ ಆದ ರಕ್ಷಣಾದಳವನ್ನು ಕಟ್ಟಿಕೊಳ್ಳುವ ಹಕ್ಕು ನೀಡಿದ್ದ. ಕೃತಜ್ಞತೆ ಸಲ್ಲಿಸಲು ಜನಸ್ತೋಮ ಪಿಟ್ಟಿ ಅರಮನೆಯತ್ತ ಮೆರವಣಿಗೆ ಹೊರಟಿತು. ನ್ಯಾಯಾಧಿಪತಿಗಳು, ವಕೀಲರು, ಪಾದ್ರಿಗಳು, ರೈತರು, ಸೈನಿಕರು, ಟಸ್ಕನಿಯ ಊರೂರಿನ ಬಾವುಟಗಳು ಕಾಸಾ ಗ್ವೀದಿಯ ಕಿಟಕಿಗಳ ಕೆಳಗೆ ಮೂರು ಗಂಟೆಗಳಿಗೂ ಹೆಚ್ಚು ಕಾಲ ಸಾಗಿದುವು. ಮನೆಮನೆಯ ಕಿಟಕಿಗಳಿಂದ ಹೂಗಳೂ ಎಲೆಗಳೂ ಸುರಿದುವು. ಎಲಿಜಬೆತ್, ರಾಬರ್ಟ್ ಇಬ್ಬರೂ ಕಿಟಕಿಯಿಂದ ಬಾಗಿ ನೋಡಿದರು; ಫ್ಲಷ್ ಕೂಡ ಮುಂಗಾಲುಗಳನ್ನು ಕಿಟಕಿಯ ಕಟ್ಟೆಯ ಮೇಲೂರಿ ನೋಡಿತು. ಹಿಂದಿನ ವರ್ಷ ಇದೇ ದಿನ ಕದ್ದು ಉಂಗುರ ತೊಟ್ಟು, ಕದ್ದು ತೆಗೆದಿರಿಸಿದ ಹೆಣ್ಣಿಗೆ ಒಂದು ನಗರವೇ ಮದುವೆಯ ಮೆರವಣಿಗೆ ಹೊರಡಿಸಿದಂತಾಯಿತು.

ಆ ಸಡಗರ ಬಹುಕಾಲ ನಿಲ್ಲಲಿಲ್ಲ. 1849ರಲ್ಲಿ ಪ್ರಭು ಓಡಿಹೋದ. ಬಳಿಕ ಆಸ್ಟ್ರಿಯದ ಸೈನ್ಯದ ಬೆಂಬಲದಿಂದ ಮರಳಿ ಬಂದ. ಆ ಸೈನ್ಯ ಬಂದುದನ್ನೂ ಎಲಿಜಬೆತ್ ಅದೇ ಕಿಟಕಿಗಳಿಂದ ಕಂಡಳು. ಭರವಸೆ, ನಿರಾಶೆಗಳೆರಡನ್ನೂ ಮುಚ್ಚುಮರೆಯಿಲ್ಲದೆ ಹೇಳಿ, 1851ರಲ್ಲಿ ಪ್ರಕಟಿಸಿದ ಕಾವ್ಯಕ್ಕೆ ಆಕೆ ಇಟ್ಟ ಹೆಸರೇ ‘ಕಾಸಾ ಗ್ವೀದಿಯ ಕಿಟಕಿಗಳು’. ನೋಡಲು ಬಂದ ಪ್ರವಾಸಿ ಅಷ್ಟರಲ್ಲಿ ಆ ನಾಡಿನ ಸುಖದುಃಖಗಳಲ್ಲಿ ಪಾಲುಗಾತಿಯಾಗಿದ್ದಳು.

ಅದೇ 1851ರಲ್ಲಿ ದಂಪತಿಗಳು ಎರಡು ವರ್ಷ ತುಂಬಿದ ಮಗನನ್ನು ಕರೆದುಕೊಂಡು ಲಂಡನ್ನಿಗೆ ಹೋದರು. ತಂದೆ ಮೊಮ್ಮಗನನ್ನು ನೋಡಲು ಒಪ್ಪಲಿಲ್ಲ. ಬದಲಾಗಿ, ಐದು ವರ್ಷಗಳಿಂದ ಮಗಳು ಬರೆದಿದ್ದ ಪತ್ರಗಳನ್ನೆಲ್ಲ ಕಟ್ಟುಕಟ್ಟಾಗಿ ಹಿಂದಕ್ಕೆ ಕಳಿಸಿದ. ಒಂದರ ಮುದ್ರೆಯೂ ಒಡೆದಿರಲಿಲ್ಲ. ಅವುಗಳಲ್ಲಿ ಕೆಲವಕ್ಕೆ ಸಾವಿನ ಸುದ್ದಿಯನ್ನು ಸೂಚಿಸುವ ಕಪ್ಪು ಮುದ್ರೆಯಿತ್ತು. ಮಗಳು ಸತ್ತಳೋ ಮೊಮ್ಮಗ ಸತ್ತನೋ ಎಂದು ತಿಳಿಯಲೂ ಆತ ಅವನ್ನು ಒಡೆದಿರಲಿಲ್ಲ. 1857ರಲ್ಲಿ, ಕ್ಷಮಿಸದೆಯೇ, ತೀರಿಕೊಂಡ. ಎಲಿಜಬೆತ್ ತೆತ್ತ ಬೆಲೆ ಇದು. ಇದನ್ನು ಬಿಟ್ಟು ಆ ವರ್ಷದ ಸಂತೋಷವನ್ನು ಮಾತ್ರ ಲೆಕ್ಕ ಹಾಕಿದರೆ ಲೆಕ್ಕ ಸರಿಹೋಗದು.

ಆದರೆ ಲೆಕ್ಕದ ಇನ್ನೊಂದು ಬದಿಯಲ್ಲಿ ಹದಿನೈದು ವರ್ಷಗಳ ಸಂಸಾರವಿದೆ. ಇನ್ನೊಂದು ಚಳಿಗಾಲ ಕಳೆಯುವುದೇ ಕಷ್ಟವೆಂದವಳ ಮಡಿಲಲ್ಲಿ ಒಬ್ಬ ಮಗನಿದ್ದಾನೆ. ಇಬ್ಬರ ಶ್ರೇಷ್ಠ ಕಾವ್ಯಗಳಿವೆ. 1861ರ ಜೂನ್ 29ರಂದು ಎಲಿಜಬೆತ್ ಕಾಸಾ ಗ್ವೀದಿಯಲ್ಲಿಯೇ, ಗಂಡನ ತೋಳುಗಳಲ್ಲಿ ಕಣ್ಣುಮುಚ್ಚಿದಳು. ಇಟಲಿ ಒಂದು ರಾಜ್ಯವೆಂದು ಘೋಷಿತವಾಗಿ ಆಗ ಕೆಲವೇ ತಿಂಗಳಾಗಿದ್ದುವು. ಮನೆ ಬಿಡುವ ಮುನ್ನ ರಾಬರ್ಟ್ ಆಕೆಯ ಕೋಣೆಯನ್ನು ಇದ್ದಂತೆಯೇ ಚಿತ್ರ ಬರೆಯಿಸಿಕೊಂಡ. ಮುಂದೆ ಇಪ್ಪತ್ತೆಂಟು ವರ್ಷ ಬದುಕಿದ್ದರೂ ಫ್ಲಾರೆನ್ಸಿಗೆ ಆತ ಮರಳಿ ಕಾಲಿಡಲಿಲ್ಲ.

ಆ ಚಿತ್ರವನ್ನೇ ಆಧಾರವಾಗಿಟ್ಟುಕೊಂಡು ಕೋಣೆಯನ್ನು ಹಿಂದಿನಂತೆ ಸಜ್ಜುಗೊಳಿಸಲಾಗಿದೆ. ಹಸಿರು ಗೋಡೆ, ಪುಸ್ತಕದ ಬೀರುಗಳು, ದೊಡ್ಡ ಕನ್ನಡಿ, ಬಾಗಿಲ ಬಳಿ ಆಕೆ ಕುಳಿತು ಬರೆಯುತ್ತಿದ್ದ ತಗ್ಗು ಕುರ್ಚಿ. ನೋಡಲು ಬಂದವರು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಿಟಕಿಯ ಬಳಿಗೆ ನಡೆಯುತ್ತಾರೆ. ಎದುರಿಗೆ ಸಾನ್ ಫೆಲೀಚೆಯ ಗೋಡೆ, ಕೆಳಗೆ ಬೀದಿಯ ಗದ್ದಲ. ಒಂದು ವರ್ಷ ತಿರುಗಿ ದಣಿದ ಇಬ್ಬರು, ಇನ್ನು ಮುಂದೆ ಎಲ್ಲಿಗೂ ಹೋಗಬೇಕಾಗಿಲ್ಲವೆಂದು ನಿಂತ ಸ್ಥಳ ಅದು.