ಹಾಡುವ ಕವಿಯ ಪಾತ್ರ: ನೆಲಮಂಗಲದ ಹೊನ್ನಪ್ಪ ಭಾಗವತರ್

ವಾಲ್ಮೀಕಿ, ಕಾಳಿದಾಸ, ಗೋರಾ ಕುಂಬಾರ, ಬಸವೇಶ್ವರ. ಕಾಲ, ದೇಶ, ಭಾಷೆ ಯಾವುದರಲ್ಲಿಯೂ ಒಂದಾಗದ ಈ ನಾಲ್ವರು ಸಾಹಿತ್ಯ ಚರಿತ್ರೆಯ ನಾಲ್ಕು ಬೇರೆ ಬೇರೆ ಅಧ್ಯಾಯಗಳಿಗೆ ಸೇರಿದವರು. ಆದರೆ 1946ರಿಂದ 1959ರವರೆಗಿನ ಹದಿಮೂರು ವರ್ಷಗಳಲ್ಲಿ ಬೆಳ್ಳಿತೆರೆಯ ಮೇಲೆ ಈ ನಾಲ್ವರಿಗೂ ಒಂದೇ ಮುಖ ದೊರೆಯಿತು. ಅದು ನೆಲಮಂಗಲ ತಾಲ್ಲೂಕಿನ ಚೌಡಸಂದ್ರದಲ್ಲಿ 1915ರಲ್ಲಿ ಹುಟ್ಟಿದ ಹೊನ್ನಪ್ಪ ಭಾಗವತರ್ ಅವರದು. ಹಳಗನ್ನಡ ಕಾವ್ಯಗಳನ್ನು ಪಾಠ ಹೇಳುತ್ತ ಬಂದ ನನಗೆ ಈ ನಟ ಆಸಕ್ತಿಯ ವಿಷಯವಾದದ್ದು ಸಿನಿಮಾದ ಮೇಲಣ ಒಲವಿನಿಂದಲ್ಲ. ಕವಿ ಎಂದರೆ ಯಾರು ಎಂಬ ಪ್ರಶ್ನೆಗೆ ನಮ್ಮ ಜನಸಾಮಾನ್ಯರು ಕೊಟ್ಟುಕೊಂಡ ಉತ್ತರ ಇಂಥ ನಟರ ಕಂಠದ ಮೂಲಕವೇ ರೂಪುಗೊಂಡಿತೆಂಬ ಅನುಮಾನದಿಂದ.

ನೆಲಮಂಗಲ, ದೊಡ್ಡಬಳ್ಳಾಪುರ, ಅವುಗಳಾಚೆಯ ತುಮಕೂರು ಸೀಮೆ ಇವೆಲ್ಲ ಇಂದಿಗೂ ಪೌರಾಣಿಕ ನಾಟಕದ ನೆಲ. ಸುಗ್ಗಿ ಮುಗಿದು ಜಾತ್ರೆಗಳು ತೊಡಗಿದವೆಂದರೆ ಊರೂರಿನಲ್ಲಿ ಕುರುಕ್ಷೇತ್ರ ನಾಟಕದ ಭಿತ್ತಿಪತ್ರಗಳು ಕಾಣಿಸುತ್ತವೆ. ಬಾಡಿಗೆಗೆ ತಂದ ಸೀನರಿ, ಝಗಝಗಿಸುವ ಕಿರೀಟ, ರಂಗದ ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದು ಕುಳಿತ ಡ್ರಾಮಾ ಮೇಷ್ಟ್ರು. ಹಗಲು ಹೊಲದಲ್ಲಿ, ಮಗ್ಗದ ಮನೆಯಲ್ಲಿ, ಕಚೇರಿಯಲ್ಲಿ ದುಡಿದವರು ಇರುಳು ದುರ್ಯೋಧನನಾಗಿ ಕಂದಪದ್ಯ ಹಾಡುತ್ತಾರೆ. ಇಂಥ ಒಂದು ನಾಟಕವನ್ನು ಬೆಳಗಿನ ಜಾವದವರೆಗೆ ನೋಡಿದಾಗ ನನಗೆ ಮನದಟ್ಟಾದ ಸಂಗತಿಯೆಂದರೆ, ಇಲ್ಲಿಯ ಪ್ರೇಕ್ಷಕ ನಟನನ್ನು ಮೊದಲು ಕಿವಿಯಿಂದ ಅಳೆಯುತ್ತಾನೆ. ಮಾತು ತಪ್ಪಿದರೆ ಕ್ಷಮೆಯುಂಟು, ಶ್ರುತಿ ತಪ್ಪಿದರೆ ಇಲ್ಲ. ಹೊನ್ನಪ್ಪನವರಂಥ ಗಾಯಕನಟ ಮೂಡಿಬಂದುದು ಈ ಕಿವಿಯ ಸಂಸ್ಕಾರದೊಳಗಿನಿಂದ. ಗುಬ್ಬಿ ವೀರಣ್ಣನವರ ಕಂಪನಿ ಆ ಸಂಸ್ಕಾರಕ್ಕೆ ಸಿಕ್ಕ ದೊಡ್ಡ ರಂಗಮಂದಿರ.

‘ಭಾಗವತರ್’ ಎಂಬ ಮಾತಿನಲ್ಲಿಯೇ ಎರಡು ನಾಡುಗಳ ಇತಿಹಾಸ ಅಡಗಿದೆ. ನಮ್ಮ ಬಯಲಾಟದಲ್ಲಿ ಭಾಗವತನೆಂದರೆ ಪದ ಹೇಳಿ ಆಟವನ್ನು ನಡೆಸುವವನು. ಅವನು ಸ್ವತಃ ಕುಣಿಯುವವನಲ್ಲ. ತಮಿಳುನಾಡಿನಲ್ಲಿ ‘ಅರ್’ ಎಂಬ ಗೌರವ ಪ್ರತ್ಯಯವನ್ನು ಕೂಡಿಕೊಂಡು ಅದು ಸಂಗೀತಗಾರನ ಬಿರುದಾಯಿತು. ಕಂಪನಿ ನಾಟಕ ಈ ಎರಡನ್ನೂ ಬೆಸೆಯಿತು. ಹಾಡುವವನೇ ಆಡುವವನಾದ. ಆ ನಾಟಕಗಳ ಹಾಡುಗಳು ಹುಟ್ಟುತ್ತಿದ್ದ ಬಗೆಯನ್ನೂ ಸಂಶೋಧಕರು ಗಮನಿಸಬೇಕು. ಜನಪ್ರಿಯವಾದ ಒಂದು ಮಟ್ಟನ್ನು ಮುಂದಿಟ್ಟುಕೊಂಡು ಕವಿ ಮಾತು ಹೊಸೆಯುತ್ತಿದ್ದ. ಅದು ಕೀರ್ತನೆಯದಿರಬಹುದು, ಮರಾಠಿ ನಾಟಕದ್ದಿರಬಹುದು, ಪಾರಸಿ ಕಂಪನಿಗಳದ್ದಿರಬಹುದು. ರಂಗದ ಮೇಲೆ ನಟ ಅದನ್ನು ತನ್ನ ಕಂಠದ ಅಳತೆಗೆ ಹಿಗ್ಗಿಸಿ ಕುಗ್ಗಿಸಿ, ‘ಒನ್ಸ್ ಮೋರ್’ ಕೇಳಿಬಂದಾಗ ಹೊಸ ಸಂಗತಿಗಳನ್ನು ಸೇರಿಸಿ, ದಿನದಿನಕ್ಕೂ ಬೇರೊಂದಾಗಿಸುತ್ತಿದ್ದ. ಅಲ್ಲಿ ಸಂಗೀತ ಸಂಯೋಜಕ ಯಾರು, ಗಾಯಕ ಯಾರು ಎಂದು ಗೆರೆ ಕೊರೆಯುವುದು ಕಷ್ಟ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಂದರೂ, ಅದು ತಯಾರಾದದ್ದು ದೂರದ ಕೊಲ್ಹಾಪುರದಲ್ಲಿ. ಮುಂದಿನ ಎರಡು ದಶಕಗಳಲ್ಲಿ ಕನ್ನಡ ಚಿತ್ರಗಳು ಕೈಬೆರಳೆಣಿಕೆಯಷ್ಟೇ. ಹಾಗಾಗಿ ಕನ್ನಡದ ಗಾಯಕನಟನಿಗೆ ಮದರಾಸು, ಸೇಲಂ, ಕೊಯಮತ್ತೂರುಗಳ ದಾರಿ ಅನಿವಾರ್ಯವಾಗಿತ್ತು. ಹೊನ್ನಪ್ಪನವರು ಆ ದಾರಿ ಹಿಡಿದರು. ಸೇಲಂನ ಮಾಡರ್ನ್ ಥಿಯೇಟರ್ಸ್‌ನ ಟಿ.ಆರ್. ಸುಂದರಂ ನಿರ್ದೇಶಿಸಿದ ‘ಬರ್ಮಾ ರಾಣಿ’ (1945) ಎರಡನೆಯ ಮಹಾಯುದ್ಧದ ಹಿನ್ನೆಲೆಯ ಚಿತ್ರ. ಪುರಾಣದ ಕಿರೀಟ ತೊಟ್ಟು ಪಳಗಿದವರು ಅದರಲ್ಲಿ ಕೆ.ಎಲ್.ವಿ. ವಸಂತಾ ಅವರೊಡನೆ ಆಧುನಿಕ ಯುದ್ಧಕಥೆಯ ನಾಯಕನಾದರು.

ಆ ಹೊತ್ತಿಗೆ ತಮಿಳು ಚಿತ್ರರಂಗವನ್ನು ಅಲುಗಿಸಿದ ಘಟನೆಯೊಂದು ನಡೆಯಿತು. 1944ರ ನವೆಂಬರಿನಲ್ಲಿ ಮದರಾಸಿನಲ್ಲಿ ಪತ್ರಕರ್ತ ಲಕ್ಷ್ಮೀಕಾಂತನ್ ಕೊಲೆಯಾಯಿತು. ತಮಿಳರ ಆರಾಧ್ಯ ಗಾಯಕನಟ ಎಂ.ಕೆ. ತ್ಯಾಗರಾಜ ಭಾಗವತರ್ ಮತ್ತು ಹಾಸ್ಯನಟ ಎನ್.ಎಸ್. ಕೃಷ್ಣನ್ ಬಂಧಿತರಾದರು. ಪ್ರಿವಿ ಕೌನ್ಸಿಲ್‌ವರೆಗೆ ಹೋದ ಆ ಮೊಕದ್ದಮೆಯಲ್ಲಿ 1947ರಲ್ಲಿ ಅವರಿಗೆ ಬಿಡುಗಡೆ ದೊರೆತರೂ, ನಡುವಣ ವರ್ಷಗಳಲ್ಲಿ ತ್ಯಾಗರಾಜ ಭಾಗವತರ್ ಒಪ್ಪಿಕೊಂಡಿದ್ದ ಚಿತ್ರಗಳಿಗೆ ಬೇರೆ ಕಂಠ ಬೇಕಾಯಿತು. ‘ಶ್ರೀ ಮುರುಗನ್’, ‘ವಾಲ್ಮೀಕಿ’ (ಎರಡೂ 1946) ಚಿತ್ರಗಳ ನಾಯಕಪಾತ್ರ ನೆಲಮಂಗಲದ ಭಾಗವತರ ಪಾಲಿಗೆ ಬಂದದ್ದು ಹೀಗೆ. ಇನ್ನೊಬ್ಬರ ಸಂಕಟದಿಂದ ತೆರವಾದ ಪೀಠದಲ್ಲಿ ಕುಳಿತು, ಆ ಪೀಠದ ಒಡೆಯನ ನೆನಪು ಆರದ ಜನರೆದುರು, ತನ್ನ ತಾಯ್ನುಡಿಯಲ್ಲದ ನುಡಿಯಲ್ಲಿ ಹಾಡುವುದು ಸುಲಭದ ಕೆಲಸವಲ್ಲ. ಅದನ್ನು ಅದೃಷ್ಟವೆಂದು ಕರೆದು ಮುಗಿಸುವವರು ಆ ಪರೀಕ್ಷೆಯ ಕಾಠಿಣ್ಯವನ್ನು ಮರೆಯುತ್ತಾರೆ. ‘ಶ್ರೀ ಮುರುಗನ್’ ಚಿತ್ರದಲ್ಲಿ ಶಿವನ ಪಾತ್ರ ವಹಿಸಿದ್ದ ತರುಣ ಎಂ.ಜಿ. ರಾಮಚಂದ್ರನ್ ಅವರು ಆಗಿನ್ನೂ ನಾಯಕನಟರ ಸಾಲಿಗೆ ಬಂದಿರಲಿಲ್ಲ ಎಂಬುದು ಕಾಲದ ಲೆಕ್ಕಕ್ಕೆ ನೆನಪಿಡತಕ್ಕದ್ದು.

ಅದೇ 1946ರಲ್ಲಿ ಕನ್ನಡದಲ್ಲಿ ‘ಹೇಮರೆಡ್ಡಿ ಮಲ್ಲಮ್ಮ’, 1949ರಲ್ಲಿ ‘ಭಕ್ತ ಕುಂಬಾರ’ ಬಂದವು. 1955ರಲ್ಲಿ ಕು.ರಾ. ಸೀತಾರಾಮಶಾಸ್ತ್ರಿಗಳ ನಿರ್ದೇಶನದಲ್ಲಿ ಹೊನ್ನಪ್ಪನವರೇ ನಿರ್ಮಿಸಿ ನಟಿಸಿದ ‘ಮಹಾಕವಿ ಕಾಳಿದಾಸ’ ತೆರೆಕಂಡು, ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಮಟ್ಟದ ಮನ್ನಣೆ ಪಡೆಯಿತು. ಬಿ. ಸರೋಜಾದೇವಿ ಚಿತ್ರರಂಗಕ್ಕೆ ಬಂದದ್ದು ಇದರ ಮೂಲಕ. ಮೂರೇ ವರ್ಷಗಳಲ್ಲಿ ಆಕೆ ‘ನಾಡೋಡಿ ಮನ್ನನ್’ ಚಿತ್ರದಲ್ಲಿ ಎಂ.ಜಿ.ಆರ್. ಅವರಿಗೆ ನಾಯಕಿಯಾದರು. ತಮಿಳು ತೆರೆಗೆ ತನ್ನ ಕಂಠ ಕೊಟ್ಟಿದ್ದ ಕಲಾವಿದ ತಾನು ಹಿಂದಿರುಗಿದ ಮೇಲೆ ಒಬ್ಬ ನಾಯಕಿಯನ್ನೂ ಕೊಟ್ಟಂತಾಯಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಾಳಿದಾಸ ತನ್ನ ಕಾವ್ಯನಾಟಕಗಳಲ್ಲಿ ಸ್ವಂತ ಬದುಕಿನ ಕಥೆಯನ್ನು ಹೇಳಿಕೊಂಡವನಲ್ಲ. ಆದರೂ ತರಗತಿಯಲ್ಲಿ ಕಾಳಿದಾಸನ ಬಗ್ಗೆ ಕೇಳಿದಾಗಲೆಲ್ಲ ಹಳ್ಳಿಯಿಂದ ಬಂದ ವಿದ್ಯಾರ್ಥಿಗಳು ನನಗೆ ಹೇಳಿದ್ದು ಒಂದೇ ಕಥೆ: ಕುರಿ ಕಾಯುತ್ತಿದ್ದ ಪೆದ್ದ, ಮೋಸದ ಮದುವೆ, ಕಾಳಿಯ ವರ. ಅದನ್ನು ಅವರು ಯಾವ ಗ್ರಂಥದಿಂದಲೂ ಕಲಿತಿರಲಿಲ್ಲ. ಅಜ್ಜಿಯ ಬಾಯಿಂದ, ನಾಟಕದಿಂದ, ಸಿನಿಮಾದಿಂದ ಪಡೆದಿದ್ದರು. ಇದನ್ನು ಐತಿಹ್ಯವೆಂದು ತಳ್ಳಿಹಾಕುವ ಮೊದಲು ಅದರ ಅಂತಸ್ಸತ್ವವನ್ನು ನೋಡಬೇಕು. ವಾಲ್ಮೀಕಿಯ ಕಥೆಯಲ್ಲಿ ಬೇಡ ಹುತ್ತವನ್ನೊಡೆದು ಕವಿಯಾಗಿ ಬರುತ್ತಾನೆ. ಕಾಳಿದಾಸನ ಕಥೆಯಲ್ಲಿ ಕುರಿಗಾಹಿಯ ನಾಲಗೆ ತೆರೆಯುತ್ತದೆ. ಮಣ್ಣು ತುಳಿಯುತ್ತ ಭಕ್ತಿಪರವಶನಾಗಿ ತನ್ನ ಮಗುವನ್ನೇ ತುಳಿದ ಗೋರಾ ಕುಂಬಾರನ ಕಥೆಯಲ್ಲಿ ದುಡಿಮೆಯ ಜಾಗವೇ ಹಾಡಿನ ಜಾಗ. ಅಕ್ಷರದ ಹೊರಗಿದ್ದವರಿಗೂ ಕಾವ್ಯ ಸಲ್ಲುತ್ತದೆ ಎಂಬ ಹಕ್ಕೊತ್ತಾಯ ಈ ಮೂರು ಕಥೆಗಳಲ್ಲೂ ಇದೆ. ಬಸವಣ್ಣನದು ಇದರ ವಿಲೋಮ: ಅಗ್ರಹಾರದಲ್ಲಿ ಹುಟ್ಟಿ ಭಂಡಾರಿಯಾದವನು ಕಾಯಕದವರ ಕಡೆಗೆ ನಡೆದು ಬಂದ ಕಥೆ.

ಇಂಥ ಪರಿವರ್ತನೆಯನ್ನು ಕಾವ್ಯ ವರ್ಣನೆಯಿಂದ ಹೇಳಬಲ್ಲದು. ರಂಗ ಹೇಗೆ ತೋರಿಸಬೇಕು? ನಟ ಆವರೆಗೆ ಆಡುತ್ತಿದ್ದ ಮಾತು ಹಾಡಾಗಬೇಕು. ಆ ಕ್ಷಣದಲ್ಲಿ ಹೊಮ್ಮುವ ದನಿ ಆ ದೇಹದ್ದೇ ಆಗಿದ್ದರೆ ಪ್ರೇಕ್ಷಕನಿಗೆ ಬೇರೆ ಪುರಾವೆ ಬೇಡ. ಕವಿಸಂತರ ಪಾತ್ರಗಳು ಗಾಯಕನಟನನ್ನು ಅರಸಿಕೊಂಡು ಬಂದುದರ ಗುಟ್ಟು ಇದೇ ಎಂದು ನನ್ನ ತಿಳಿವಳಿಕೆ.

1959ರ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಹೊನ್ನಪ್ಪನವರು ಬಸವಣ್ಣನಾದರೆ, ರಾಜ್‌ಕುಮಾರ್ ಬಿಜ್ಜಳನಾದರು. ಒಂದೇ ಗುಬ್ಬಿ ಪರಂಪರೆಯ ಎರಡು ತಲೆಮಾರುಗಳು ಅಲ್ಲಿ ಎದುರುಬದುರಾಗಿ ನಿಂತವು. ಅಷ್ಟರಲ್ಲಿ ಹಿನ್ನೆಲೆ ಗಾಯನ ನೆಲೆಯೂರಿ, ದೇಹ ಒಬ್ಬರದು, ಕಂಠ ಇನ್ನೊಬ್ಬರದು ಎಂಬ ಏರ್ಪಾಡು ಸಹಜವಾಗಿತ್ತು. ಮುಂದೆ ಹೊಸ ‘ಭಕ್ತ ಕುಂಬಾರ’ (1974), ‘ಕವಿರತ್ನ ಕಾಳಿದಾಸ’ (1983) ಎರಡಕ್ಕೂ ರಾಜ್‌ಕುಮಾರ್ ನಾಯಕರಾದರು. ಇಂದಿನವರ ಮನಸ್ಸಿನಲ್ಲಿ ಕಾಳಿದಾಸನಿಗೆ ಇರುವುದು ಅವರ ಮುಖವೇ. ಅದರ ಅಡಿಯಲ್ಲಿ ಅಳಿಸಿಹೋದ ಹಳೆಯ ಬರಹದಂತೆ ಚೌಡಸಂದ್ರದ ಗಾಯಕನಿದ್ದಾರೆ. 1992ರಲ್ಲಿ ಅವರು ತೀರಿಕೊಂಡರು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ನನ್ನದೊಂದು ಬಿನ್ನಹ. ಆ ಕಾಲದ ಅನೇಕ ಚಿತ್ರಗಳ ಪ್ರತಿಗಳು ಇಂದು ಉಳಿದಿಲ್ಲ. ಆದರೆ ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಿಕೆಗಳು, ಕಂಪನಿ ನಾಟಕಗಳ ಪದ್ಯಾವಳಿಗಳು, ಡ್ರಾಮಾ ಮೇಷ್ಟ್ರುಗಳು ಮಟ್ಟುಗಳ ಹೆಸರು ಗುರುತಿಟ್ಟುಕೊಂಡ ಕೈಬರಹದ ನೋಟುಪುಸ್ತಕಗಳು ಹಳ್ಳಿಯ ಮನೆಗಳ ಅಟ್ಟದಲ್ಲಿ ಇನ್ನೂ ಸಿಗಬಲ್ಲವು. ತಾಳೆಗರಿಯ ಒಂದು ಓಲೆ ಸಿಕ್ಕರೆ ನಾವು ಕಣ್ಣಿಗೊತ್ತಿಕೊಳ್ಳುತ್ತೇವೆ. ಹುಳು ಹಿಡಿದ ನಾಲ್ಕಾಣೆಯ ಪುಸ್ತಿಕೆಯನ್ನು ರದ್ದಿಗೆ ಹಾಕುತ್ತೇವೆ. ಅಚ್ಚಿನ ಕಾವ್ಯದ ಪಾಠಾಂತರಗಳನ್ನು ಗುರುತಿಸುವಷ್ಟೇ ಶ್ರದ್ಧೆಯಿಂದ ನೆಲಮಂಗಲದ ಒಬ್ಬ ಮೇಷ್ಟ್ರ ನೋಟುಪುಸ್ತಕವನ್ನು ಓದುವವರು ಬೇಕಾಗಿದ್ದಾರೆ. ಆ ಹಾಡುಗಳನ್ನು ಕೇಳಿ ಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.