ಹುಳಿಯ ನಿಧಾನ

ಅಕ್ಕಸಾಲಿಗರ ಅಂಗಡಿಯ ಕಸವನ್ನು ಯಾರೂ ಬೀದಿಗೆ ಎಸೆಯುವುದಿಲ್ಲ. ಅರ ಉಜ್ಜಿದಾಗ ಉದುರಿದ ಪುಡಿ, ಬೆಸುಗೆಯ ಚೂರು, ಕೂತ ಚಾಪೆಯಡಿಯ ಧೂಳು ಎಲ್ಲವೂ ಡಬ್ಬಿ ಸೇರಿ, ಕೊನೆಗೆ ಜಾಲಗಾರರ ಕೈಗೆ ಹೋಗುತ್ತದೆ. ನಮ್ಮ ಬೀದಿಯ ಆಚಾರ್ರು ಅದರಲ್ಲೊಂದು ಹಿಡಿ ನನಗೆ ಎತ್ತಿಡುತ್ತಾರೆ. ಬಂದ ಚಿನ್ನ ಅವರದು, ಬಿಡಿಸುವ ಸುಖ ನನ್ನದು. ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನಿಗೆ ಇದಕ್ಕಿಂತ ಒಳ್ಳೆಯ ಕಾಲಕ್ಷೇಪ ಗೊತ್ತಿಲ್ಲ.

“ಇಷ್ಟಕ್ಕೆಲ್ಲ ಯಾಕೆ ಮೇಷ್ಟ್ರೇ ಒದ್ದಾಟ, ತೇಜಾಬು ಸುರಿದರೆ ಮುಗೀತಲ್ಲ” ಅನ್ನುತ್ತಾರೆ ಆಚಾರ್ರು. ತೇಜಾಬೆಂದರೆ ನೈಟ್ರಿಕ್ ಆಮ್ಲ. ತಾಮ್ರ, ಬೆಳ್ಳಿ, ಸತು ಎಲ್ಲವನ್ನೂ ಕರಗಿಸಿ ಚಿನ್ನವನ್ನು ಮಾತ್ರ ಮುಟ್ಟದೆ ಬಿಡುವ ಗುಣ ಅದರದು. ಆದರೆ ಕಬ್ಬಿಣದ ಪುಡಿ ಹೆಚ್ಚಿದ್ದರೆ ಅರ್ಧ ಆಮ್ಲ ಅದಕ್ಕೇ ಖರ್ಚು. ಬೆಸುಗೆಯ ತವರ ಅದರಲ್ಲಿ ಕರಗುವ ಬದಲು ಬಿಳಿ ಲೋಳೆಯಾಗಿ ಸೋಸುಕಾಗದದ ಕಣ್ಣನ್ನೇ ಮುಚ್ಚಿಬಿಡುತ್ತದೆ. ಮೇಲೆ ಏಳುವ ಕಂದು ಹೊಗೆಯಂತೂ ಶ್ವಾಸಕೋಶಕ್ಕೆ ವಿಷ. ಹೀಗಾಗಿ ನನ್ನ ಪಂಕ್ತಿಯಲ್ಲಿ ತೇಜಾಬಿಗೆ ಕೊನೆಯ ಎಲೆ.

ಮೊದಲು ಧೂಳನ್ನು ಕೆಂಪಗೆ ಕಾಯಿಸಿ ಕೂದಲು, ಕಾಗದ, ಎಣ್ಣೆ ಸುಟ್ಟುಹೋಗುವಂತೆ ಮಾಡುತ್ತೇನೆ. ಆಮೇಲೆ ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಅದರ ಮೇಲೆ ಆಡಿಸುವುದು. ಅರದಿಂದ ಉದುರಿದ ಉಕ್ಕಿನ ಪುಡಿ ಮುಳ್ಳುಮುಳ್ಳಾಗಿ ಎದ್ದು ಅಂಟಿಕೊಳ್ಳುತ್ತದೆ. ಕಾಗದ ಬಿಚ್ಚಿದರೆ ಒಟ್ಟಿಗೆ ಉದುರುತ್ತದೆ. ಅದರ ಜೊತೆ ಒಂದೆರಡು ಹಳದಿ ಕಣವೂ ಕದ್ದು ಬಂದಿರುತ್ತದಾದ್ದರಿಂದ ಮತ್ತೊಮ್ಮೆ ಆಡಿಸಬೇಕು.

ಈಗ ಬರುತ್ತದೆ ನನಗೆ ಪ್ರಿಯವಾದ ಘಟ್ಟ. ಅಡುಗೆಯ ವಿನೆಗರ್‌ನಲ್ಲಿ ಅಸಿಟಿಕ್ ಆಮ್ಲ ಇರುವುದು ನೂರಕ್ಕೆ 4-5 ಪಾಲು ಅಷ್ಟೇ. ಬೀಕರಿನಲ್ಲಿ ಧೂಳು ಮುಳುಗುವಷ್ಟು ಹಾಕಿದರೆ ಸುಣ್ಣದ ಕಣಗಳು ಚುರುಗುಟ್ಟಿ ಮಾಯವಾಗುತ್ತವೆ. ಕಾಯಿಸಿದಾಗ ಕಪ್ಪಾಗಿದ್ದ ತಾಮ್ರದ ಮೈ ನಿಧಾನಕ್ಕೆ ಬಿಟ್ಟುಕೊಂಡು ನೀರಿಗೆ ಹಸಿರುನೀಲಿ ಛಾಯೆ ಬರುತ್ತದೆ. ಅವಸರವಿಲ್ಲ. ರಾತ್ರಿ ಇಟ್ಟು ಬೆಳಿಗ್ಗೆ ನೋಡಿದರಾಯಿತು. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲವೂ ಇದೇ ಜಾತಿಯದು. ಆಚಾರ್ರು ಕಾಯಿಸಿದ ಒಡವೆಯನ್ನು ಹುಣಸೆನೀರಿನಲ್ಲಿ ಕುದಿಸುವಾಗ ಮಾಡುವುದೂ ಇದನ್ನೇ, ಆಗ ಮಾತ್ರ ಅವರಿಗೆ ಒದ್ದಾಟ ಅನಿಸುವುದಿಲ್ಲ!

ದಕ್ಷಿಣ ಅಮೆರಿಕದ ಕುಶಲಿಗಳು ಸ್ಪೇನಿನವರು ಬರುವುದಕ್ಕೆ ಎಷ್ಟೋ ಮೊದಲೇ ಈ ಗುಟ್ಟು ಬಲ್ಲವರಾಗಿದ್ದರು. ಚಿನ್ನಕ್ಕೆ ತಾಮ್ರ ಬೆರೆಸಿದ ‘ತುಂಬಾಗ’ದ ಒಡವೆಯನ್ನು ಕಾಯಿಸುವುದು, ಮೇಲೆದ್ದ ತಾಮ್ರದ ಕರಿಯನ್ನು ಗಿಡಗಳ ಹುಳಿರಸದಲ್ಲಿ ತೆಗೆಯುವುದು, ಮತ್ತೆ ಕಾಯಿಸುವುದು. ಹೀಗೇ ಮಾಡುತ್ತ ಹೋದರೆ ಮೈಮೇಲೆ ಅಪ್ಪಟ ಚಿನ್ನದ ಪದರವಷ್ಟೇ ಉಳಿಯುತ್ತದೆ.

ಹಾಗೆಂದು ಹುಳಿ ಎಲ್ಲಕ್ಕೂ ಒದಗುವುದಿಲ್ಲ. ಗಂಧಕ ಬೆರೆತ ಕಬ್ಬಿಣದ ಕಲ್ಲಿನೊಳಗೆ ಚಿನ್ನ ಅಡಗಿದ್ದರೆ ವಿನೆಗರ್ ಅದನ್ನು ಕೆಣಕಲಾರದು. ಹಟ್ಟಿಯಂಥ ಗಣಿಗಳಲ್ಲಿ ದಾರಿಯೇ ತಿರುಗುಮುರುಗು: ಅಲ್ಲಿ ಸಯನೈಡ್ ಹಾಕಿ ಚಿನ್ನವನ್ನೇ ಕರಗಿಸಿ, ಕಲ್ಲನ್ನು ಬಿಡುತ್ತಾರೆ.

ತವರಕ್ಕೆ ಮಾತ್ರ ಒಂದು ಮೆಟ್ಟಿಲು ಮೇಲಿನ ಹೈಡ್ರೋಕ್ಲೋರಿಕ್ ಆಮ್ಲ ಬೇಕು. ಅದು ಮುಗಿದ ಮೇಲೆ ತೊಳೆಯುವುದರಲ್ಲಿ ಜುಗ್ಗತನ ಸಲ್ಲದು. ಅದರ ಪಸೆ ಉಳಿದಿರುವಾಗ ತೇಜಾಬು ಬಿದ್ದರೆ ಎರಡೂ ಸೇರಿ ಅಕ್ವಾ ರೀಜಿಯಾ ಆಗಿ ಚಿನ್ನವೂ ಕರಗುತ್ತದೆ. ತೊಳೆದ ನೀರಿಗೆ ಸಿಲ್ವರ್ ನೈಟ್ರೇಟಿನ ಹನಿ ಬಿಟ್ಟು, ಬಿಳಿ ಮಬ್ಬು ಏಳದಿದ್ದರೆ ಆಯಿತು. ಆಮೇಲಿನ ತೇಜಾಬು ಬೀಕರಿನ ತಳಕ್ಕೆ ಸಾಕು. ಕೊನೆಗೆ ಉಳಿಯುವ ಚಿನ್ನಕ್ಕೆ ಹೊಳಪೇ ಇಲ್ಲ, ಮಂಕು ಕಂದು ಪುಡಿ. ಬಿಳಿಗಾರ ಹಾಕಿ ಕರಗಿಸಿದ ಮೇಲಷ್ಟೇ ಅದಕ್ಕೆ ಬಣ್ಣ.

ಈ ಹವ್ಯಾಸಕ್ಕೆ ಇಳಿಯುವವರಲ್ಲಿ ನನ್ನದೊಂದೇ ಕೋರಿಕೆ. ಅಡುಗೆಮನೆಯಲ್ಲಿ ಮಾಡಬೇಡಿ, ಬಯಲಲ್ಲಿ ಮಾಡಿ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಲೋಹ ಬಿದ್ದರೆ ಹೈಡ್ರೋಜನ್ ಏಳುತ್ತದೆ, ಹತ್ತಿರ ಬೆಂಕಿಕಡ್ಡಿ ಗೀರಬೇಡಿ. ಉಳಿದ ನೀರನ್ನು ಮೋರಿಗೆ ಚೆಲ್ಲಬೇಡಿ: ತಾಮ್ರದ ಪಟ್ಟಿ ಇಳಿಬಿಟ್ಟರೆ ಬೆಳ್ಳಿ ಕೂತುಕೊಳ್ಳುತ್ತದೆ, ಬಳಿಕ ಕಬ್ಬಿಣದ ಮೊಳೆ ಹಾಕಿದರೆ ತಾಮ್ರ. ಮಿಕ್ಕಿದ್ದಕ್ಕೆ ಸುಣ್ಣ ಬೆರೆಸಿ, ತಳದ ಕೆಸರನ್ನು ಕ್ಯಾನಿನಲ್ಲಿ ಮುಚ್ಚಿಡಿ; ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೇ ಕೊಡಿ.