ಬಾಟಲಿಯಲ್ಲಿ ಮಿಕ್ಕ ನೀರು

ನಮ್ಮ ಬ್ಯಾಂಕಿನ ಶಾಖೆಗೆ ಆ ಗಿಡ ಬಂದದ್ದು ದೀಪಾವಳಿಯಲ್ಲಿ, ಡ್ರೈಫ್ರೂಟ್ ಡಬ್ಬಿಗಳ ಜೊತೆ. ಯಾರೋ ದೊಡ್ಡ ಗಿರಾಕಿ ಕಳಿಸಿದ್ದು. ಡಬ್ಬಿಗಳು ಸಂಜೆಯೊಳಗೆ ಖಾಲಿಯಾದವು, ಗಿಡ ಉಳಿಯಿತು. ಬಿಳಿ ಪಿಂಗಾಣಿ ಕುಂಡ, ಬಿಲ್ಲಿನ ಹಾಗೆ ಬಾಗಿದ ಕಡ್ಡಿ, ಅದರ ಮೇಲೆ ಸಾಲಾಗಿ ಕೂತ ಒಂಬತ್ತು ನೇರಳೆ ಹೂಗಳು. ಮ್ಯಾನೇಜರರ ಕ್ಯಾಬಿನ್ ಬಾಗಿಲ ಪಕ್ಕ ಒಂದು ಸ್ಟೂಲ್ ಹಾಕಿ ಕೂರಿಸಿದರು. ಪಾಸ್‌ಬುಕ್ ಎಂಟ್ರಿಗೆ ಬಂದವರು ಮುಟ್ಟಿ ನೋಡಿ "ಪ್ಲಾಸ್ಟಿಕ್ಕಾ?" ಎಂದು ಕೇಳುತ್ತಿದ್ದರು. ಎರಡು ತಿಂಗಳಾದರೂ ಹೂ ಬಾಡದಿದ್ದಾಗ ನನಗೂ ಅನುಮಾನ ಬಂದಿತ್ತು.

ಜನವರಿ ಕೊನೆಗೆ ಹೂಗಳು ಒಂದೊಂದಾಗಿ ಉದುರಿದವು. ಹೂವಿಲ್ಲದ ಗಿಡಕ್ಕೆ ಕ್ಯಾಬಿನ್ ಪಕ್ಕದ ಸೀಟು ಯಾಕೆ? ವರ್ಗವಾಗಿ ವಾಟರ್ ಫಿಲ್ಟರಿನ ಬದಿಗೆ, ಹಳೇ ವೋಚರ್ ಕಟ್ಟುಗಳ ಮೇಲಕ್ಕೆ ಹೋಯಿತು. ಅಲ್ಲಿ ಅದನ್ನು ಯಾರೂ ನೋಡಲಿಲ್ಲ, ಆದರೆ ಎಲ್ಲರೂ ನೀರು ಹಾಕಿದರು. ಬಾಟಲಿ ತೊಳೆಯಲು ಹೋದವರು ತಳದಲ್ಲಿ ಮಿಕ್ಕ ಎರಡು ಗುಟುಕನ್ನು ಸಿಂಕಿಗೆ ಚೆಲ್ಲುವ ಬದಲು "ಪಾಪ" ಎಂದು ಕುಂಡಕ್ಕೆ ಸುರಿಯುತ್ತಿದ್ದರು. ನಮ್ಮದು ಹದಿನಾಲ್ಕು ಜನರ ಶಾಖೆ. ದಿನಕ್ಕೆ ಹದಿನಾಲ್ಕು ಬಾಟಲಿ. ನಾನೂ ಸುರಿದಿದ್ದೇನೆ.

ಮಾರ್ಚ್ ಕ್ಲೋಸಿಂಗ್ ಮುಗಿದ ಮೇಲಿನ ಸ್ವಚ್ಛತೆಯಲ್ಲಿ ವೋಚರ್ ಕಟ್ಟುಗಳ ಜೊತೆ ಗಿಡವೂ ಹೊರಟಿತ್ತು. ಕಸ ಗುಡಿಸುವ ಅಕ್ಕ ಅದನ್ನು ಕೈಯಲ್ಲಿ ಹಿಡಿದು, "ಇನ್ನೂ ಹಸ್ರಾಗೈತಲ್ಲ ಮೇಡಂ, ಎಸೀಲಾ?" ಎಂದು ನನ್ನನ್ನೇ ಕೇಳಿದರು. ಹಾಗೆ ಕೇಳಬಾರದಿತ್ತು. ಬಾಲ್ಕನಿಯಲ್ಲಿ ಎರಡು ಸಲ ತುಳಸಿಯನ್ನೇ ಒಣಗಿಸಿದ ನಾನು ಅಂದು ಸಂಜೆ ಬಿಎಂಟಿಸಿ ಬಸ್ಸಿನಲ್ಲಿ ಮಡಿಲ ಮೇಲೆ ಆರ್ಕಿಡ್ ಇಟ್ಟುಕೊಂಡು ಮನೆಗೆ ಬಂದೆ.

ಬಚ್ಚಲಿನಲ್ಲಿ ಪೇಪರ್ ಹಾಸಿ ಗಿಡವನ್ನು ಹೊರಗೆಳೆದೆ. ಪಿಂಗಾಣಿ ಕುಂಡಕ್ಕೆ ತೂತೇ ಇರಲಿಲ್ಲ; ತಳದಲ್ಲಿ ಎರಡು ಬೆರಳು ನೀರು ನಿಂತು ಗಬ್ಬು ನಾರುತ್ತಿತ್ತು. ಅದರೊಳಗೆ ಇನ್ನೊಂದು ತೆಳು ಪ್ಲಾಸ್ಟಿಕ್ ಕುಂಡ, ಅದರೊಳಗೆ ಒದ್ದೆ ಸ್ಪಂಜಿನಂಥ ಪಾಚಿಯ ಉಂಡೆ. ಉಂಡೆ ಬಿಡಿಸುತ್ತ ಹೋದಂತೆ ಬೇರುಗಳು ಸಿಕ್ಕವು. ಒಂದನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಕಂದು ಸಿಪ್ಪೆ ಜಾರಿ ಕೈಗೆ ಬಂತು. ಹುಣಸೆಹಣ್ಣು ಕಿವುಚಿದಾಗ ಉಳಿಯುವ ನಾರಿನಂತೆ ಒಂದು ದಾರ ಮಾತ್ರ ಗಿಡದಲ್ಲಿ ಉಳಿಯಿತು. ಇನ್ನೊಂದೂ ಹಾಗೇ. ಇಪ್ಪತ್ತರ ಮೇಲೆ ಇದ್ದ ಬೇರುಗಳಲ್ಲಿ ಒತ್ತಿದರೆ ಗಟ್ಟಿಯಾಗಿದ್ದವು ಮೂರು.

ನನಗೆ ಅರ್ಥವಾಗದ್ದು ಎಲೆ. ನಾಲ್ಕೂ ಎಲೆಗಳು ಹಳೇ ಚಪ್ಪಲಿಯ ಪಟ್ಟಿಯ ಹಾಗೆ ಸುಕ್ಕುಗಟ್ಟಿದ್ದವು. ನೀರೇ ಕಾಣದ ಗಿಡದ ಲಕ್ಷಣ ಅದು, ಆದರೆ ಇದು ಎರಡು ತಿಂಗಳು ನೀರಿನಲ್ಲೇ ನಿಂತ ಗಿಡ. ಮಾರನೆಯ ದಿನ ನರ್ಸರಿಯವರು ಫೋಟೋ ನೋಡಿ ಒಂದೇ ಮಾತಿನಲ್ಲಿ ಬಿಡಿಸಿದರು: "ಬೇರು ಕೊಳೆತ ಮೇಲೆ ಕುಡಿಯೋರ್ ಯಾರು ಮೇಡಂ?" ಎಲೆ ಬಾಡಿದೆ ಎಂದು ಜನ ನೀರು ಹಾಕುತ್ತಾರೆ, ಹಾಕಿದಷ್ಟೂ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ, ಕೊಳೆತಷ್ಟೂ ಎಲೆ ಬಾಡುತ್ತದೆ. ಅವರ ಹತ್ತಿರ ಬರುವ ಆರ್ಕಿಡ್‌ಗಳಲ್ಲಿ ಬಾಯಾರಿ ಸಾಯುವಂಥವು ಕಡಿಮೆಯಂತೆ, ಮುಳುಗಿ ಸಾಯುವವೇ ಹೆಚ್ಚು. ಮಣ್ಣು ಬೇಡವೇ ಬೇಡ ಎಂದು ಒಂದು ಚೀಲ ಮರದ ತೊಗಟೆಯ ಚೂರು ಕೊಟ್ಟರು. ತೆಂಗಿನ ಸಿಪ್ಪೆಯ ತುಂಡು ಮನೆಯಲ್ಲೇ ಇತ್ತು. ಇದ್ದಿಲು ಮಾತ್ರ ನಮ್ಮ ರಸ್ತೆಯ ಇಸ್ತ್ರಿಯವನಿಂದ ಬಂತು. "ಹೋಮಾನಾ ಅಕ್ಕ?" ಎಂದು ಕೇಳಿದ.

ಕತ್ತರಿಯನ್ನು ಗ್ಯಾಸ್ ಉರಿಯಲ್ಲಿ ಹಿಡಿದು, ಕೊಳೆತದ್ದೆಲ್ಲ ಕತ್ತರಿಸಿ ತೆಗೆದೆ. ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಿದರೆ ಬೂಷ್ಟು ಹಿಡಿಯುವುದಿಲ್ಲ ಎಂದು ಹೇಳಿದ್ದರು. ಪುಲಾವಿಗೆ ಹಾಕುವುದನ್ನೇ ಕುಟ್ಟಿ ಹಚ್ಚಿದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಒಳ್ಳೆಯದಾದರೆ ಎಲ್ಲದಕ್ಕೂ ಇರಲಿ ಎಂದು ಮೂರು ಗಟ್ಟಿ ಬೇರುಗಳಿಗೂ ಉದಾರವಾಗಿ ಬಳಿದುಬಿಟ್ಟೆ. ದಾಲ್ಚಿನ್ನಿ ಗಾಯವನ್ನು ಒಣಗಿಸುವ ಹಾಗೆ ಬೇರನ್ನೂ ಒಣಗಿಸುತ್ತದೆ. ವಾರದಲ್ಲಿ ಒಂದು ಬೇರು ಕಡ್ಡಿಯಾಯಿತು. ಉಳಿದದ್ದು ಎರಡು.

ಇದು ನಮ್ಮ ಕಡೆಯ ರಕ್ತದಲ್ಲಿರುವ ದೋಷ. ಸಿದ್ದಾಪುರದ ಸೀಮೆಯಲ್ಲಿ ಊಟಕ್ಕೆ ಕೂತವರು ಒಂದು ಸಲ "ಬೇಡ" ಎಂದರೆ ಅದು ಬೇಡ ಅಲ್ಲ, ಸಂಕೋಚ. ಎರಡನೇ ಸಲ ಅಂದರೆ ಶಿಷ್ಟಾಚಾರ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಮುಂದಕ್ಕೆ ಬಾಗಿದಾಗ ಮಾತ್ರ ಬಡಿಸುವವರು ಯೋಚಿಸುತ್ತಾರೆ, ಆಗಲೂ ಬೆರಳ ಸಂದಿಯಿಂದ ಒಂದು ಸೌಟು ಪಾಯಸ ಇಳಿಯದೆ ಇರುವುದಿಲ್ಲ. ಸೌಟಿನಲ್ಲಿ ಅಳೆಯುವ ಪ್ರೀತಿಯಲ್ಲಿ ಬೆಳೆದ ನನಗೆ, ಹೊಸ ಕುಂಡದಲ್ಲಿ ಒಣ ತೊಗಟೆಯ ನಡುವೆ ಎರಡು ಬೇರಿನ ಮೇಲೆ ವಾಲಿಕೊಂಡ ಗಿಡದ ಮುಂದೆ ಚೊಂಬು ಹಿಡಿದು ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟವಾಯಿತೆಂದರೆ, ಬೆಳಿಗ್ಗೆ ಬಾಲ್ಕನಿಗೆ ಹೋಗುವಾಗ ಚೊಂಬನ್ನು ಒಳಗೇ ಬಿಟ್ಟು ಹೋಗುವ ರೂಢಿ ಮಾಡಿಕೊಂಡೆ.

ಆಯಿಗೆ ಫೋನಿನಲ್ಲಿ ಹೇಳಿದೆ. "ಎಂತ ಆರ್ಕಿಡ್ಡು? ಸೀತಾಳೆ ದಂಡೆ ಅಲ್ದನೇ ಅದು?" ಎಂದಳು. ಜಾತಿ ಬೇರೆ, ಕುಲ ಒಂದೇ ಎಂದೆ. "ಅದ್ಕೆ ಯಾರು ನೀರು ಹಾಕ್ತ ಹೇಳು. ಮಳೆ ಬಂದ್ರೆ ಕುಡಿತು, ಬರದಿದ್ರೆ ಸುಮ್ನಿರ್ತು." ಅಷ್ಟು ಹೇಳಿ ಹಲಸಿನಕಾಯಿ ಹಪ್ಪಳದ ವಿಷಯಕ್ಕೆ ಹೋದಳು.

ಮೇ ಕೊನೆಯಲ್ಲಿ ಊರಿಗೆ ಹೋದಾಗ ಬಚ್ಚಲುಮನೆಯ ಮೇಲೆ ಬಾಗಿದ ಹಲಸಿನ ಮರದಲ್ಲಿ ಸೀತಾಳೆ ದಂಡೆ ಹೂ ಬಿಟ್ಟಿತ್ತು. ಗುಲಾಬಿ ಚುಕ್ಕೆಯ ಬಿಳಿ ಹೂಗಳು ಒತ್ತೊತ್ತಾಗಿ ಪೋಣಿಸಿಕೊಂಡು ಅಳಿಲ ಬಾಲದ ಹಾಗೆ ಇಳಿಬಿದ್ದಿದ್ದವು. ಶಾಲೆ ಶುರುವಾಗುವ ಹೊತ್ತಿಗೆ ಅದನ್ನು ಜಡೆಗೆ ಸುತ್ತಿಕೊಂಡೇ ಬೆಳೆದವರು ನಾವು. ಕಟ್ಟುವ ಕೆಲಸವಿಲ್ಲ, ಮರವೇ ದಂಡೆ ಕಟ್ಟಿ ಕೊಡುತ್ತಿತ್ತು. ಇದೇ ಹೂವನ್ನು ಅಸ್ಸಾಮಿನಲ್ಲಿ ಕೊಪೌ ಎನ್ನುತ್ತಾರೆ, ಬಿಹು ಕುಣಿಯುವ ಹುಡುಗಿಯರು ಮುಡಿಯುತ್ತಾರೆ, ಅಲ್ಲಿಯ ರಾಜ್ಯಪುಷ್ಪವೂ ಅದೇ. ನಾನು ಅಷ್ಟು ವರ್ಷ ನೋಡಿದ್ದು ಹೂವನ್ನು. ಈ ಸಲ ಬಚ್ಚಲಿನ ಗೋಡೆಗೆ ಏಣಿ ಹಾಕಿಸಿ ಬೇರು ನೋಡಿದೆ.

ತೊಗಟೆಯ ಮೇಲೆ ಹಗ್ಗದ ಹಾಗೆ ಹರಿದಾಡಿದ್ದವು, ಕಿರುಬೆರಳಿಗಿಂತ ತುಸು ಸಣ್ಣ, ಬೂದಿ ಬಳಿದಂಥ ಬಿಳಿ. ಅರ್ಧದಷ್ಟು ಬೇರುಗಳು ಏನನ್ನೂ ಹಿಡಿಯದೆ ಗಾಳಿಯಲ್ಲಿ ಜೋತಾಡುತ್ತಿದ್ದವು. ಚೊಂಬಿನಲ್ಲಿ ತಂದ ನೀರನ್ನು ಒಂದರ ಮೇಲೆ ಚಿಮುಕಿಸಿದೆ. ನೋಡುನೋಡುತ್ತಿದ್ದಂತೆ ಬೂದಿ ಬಣ್ಣ ಹಸಿರಾಯಿತು. ಆ ಬಿಳಿ ಹೊದಿಕೆ ಸತ್ತ ಕೋಶಗಳ ಸ್ಪಂಜು. ಮಳೆ ಬಿದ್ದ ಕೂಡಲೇ ಹೀರಿಕೊಂಡು ಪಾರದರ್ಶಕವಾಗುತ್ತದೆ, ಒಳಗಿನ ಹಸಿರು ಕಾಣುತ್ತದೆ. ಎಲೆಯಂತೆ ಆ ಬೇರೂ ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳುತ್ತದೆ. ಅದಕ್ಕೇ ನರ್ಸರಿಯವರು ಪಾರದರ್ಶಕ ಕುಂಡ ಕೊಟ್ಟು "ಬೇರು ಬೆಳ್ಳಗಾದ್ರೆ ನೀರು, ಹಸ್ರಾಗಿದ್ರೆ ಕೈಕಟ್ಟಿ" ಎಂದದ್ದು.

ಅಪ್ಪಯ್ಯ ಇದ್ದಾಗ ವರ್ಷಕ್ಕೊಮ್ಮೆ ಕತ್ತಿ ಹಿಡಿದು ಮಾವಿನ ಮರದ ಬಂದಳಿಕೆಯನ್ನೆಲ್ಲ ಸವರಿ ಹಾಕುತ್ತಿದ್ದರು, ಸೀತಾಳೆ ದಂಡೆಯನ್ನು ಮುಟ್ಟುತ್ತಿರಲಿಲ್ಲ. ಪೇಟೆಯವರು ಎರಡನ್ನೂ ಮರದ ರಕ್ತ ಕುಡಿಯುವ ಗಿಡ ಎಂದುಕೊಳ್ಳುತ್ತಾರೆ. ಬಂದಳಿಕೆ ಕೊಂಬೆಯೊಳಗೇ ಬೇರು ಚುಚ್ಚಿ ರಸ ಹೀರುವುದು ನಿಜ. ಇದು ಹಾಗಲ್ಲ, ಕೂರಲು ಜಾಗ ಕೇಳುತ್ತದೆ ಅಷ್ಟೇ. ಊಟ ಮಳೆನೀರು, ತೊಗಟೆಯ ಕೊಳೆಕಸ. ಆ ಜಾಗ ಸಿಗುವುದೂ ಸುಲಭವಲ್ಲ. ಒಂದೇ ಕಾಯಲ್ಲಿ ಧೂಳಿನಂಥ ಬೀಜಗಳು ಲೆಕ್ಕವಿಲ್ಲದಷ್ಟಿರುತ್ತವೆ, ಆದರೆ ದಾರಿಖರ್ಚಿಗೆ ಬುತ್ತಿ ಒಂದಕ್ಕೂ ಇಲ್ಲ. ಬಿದ್ದ ಕಡೆ ತಕ್ಕ ಶಿಲೀಂಧ್ರ ಸಿಕ್ಕಿ ಅದು ಉಣಿಸಿದರೆ ಮೊಳಕೆ, ಇಲ್ಲದಿದ್ದರೆ ಧೂಳು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಎಂಬ ವಿಜ್ಞಾನಿ ಗಾಜಿನ ಸೀಸೆಯಲ್ಲಿ ಸಕ್ಕರೆ ಬೆರೆಸಿದ ಜೆಲ್ಲಿಯ ಮೇಲೆ ಬಿತ್ತಿ ಶಿಲೀಂಧ್ರವಿಲ್ಲದೆ ಮೊಳೆಸಿ ತೋರಿಸಿದ. ನಮ್ಮ ಬ್ಯಾಂಕಿನ ಗಿಡದಂಥವು ಹುಟ್ಟುವುದು ಸೀಸೆಯಲ್ಲೇ. ಅದರ ಹೆಸರು ಫೆಲನಾಪ್ಸಿಸ್. ಜಾವಾದಲ್ಲಿ ಗಿಡ ಹುಡುಕಿಕೊಂಡಿದ್ದ ಕಾರ್ಲ್ ಬ್ಲೂಮ್ 1825ರಲ್ಲಿ ಇಟ್ಟದ್ದು, ಪತಂಗದಂತೆ ಕಾಣುವುದು ಎಂದರ್ಥ. ನಮ್ಮ ಮನೆಯವರು ಅದನ್ನು "ನಿನ್ನ ಪೇಷಂಟು" ಎನ್ನುತ್ತಾರೆ.

ಅವರ ಕೈಗೇ ಒಂದು ವಾರ ಒಪ್ಪಿಸಿ ಹೋಗಿದ್ದೆ. ಮುಟ್ಟಬೇಡಿ ಎಂದಷ್ಟೇ ಹೇಳಿದ್ದು. ಬಂದು ನೋಡಿದರೆ ತೊಗಟೆ ಒದ್ದೆ. ದಿನಾ ಅರ್ಧ ಲೋಟವಂತೆ. "ಒಣಗಿದ್ರೆ ನನ್ನ ತಲೆಗೆ ಬರ್ತಿತ್ತಲ್ಲ" ಎಂದರು. ತಳದ ತುಂಬ ತೂತಿದ್ದ ಕುಂಡ ಅವರನ್ನೂ ಗಿಡವನ್ನೂ ಕಾಪಾಡಿತ್ತು.

ಜೂನ್ ಹೋಯಿತು. ಒಂದು ಎಲೆ ಹಳದಿಯಾಗಿ ಕಳಚಿತು. ಮೂರು ಎಲೆ, ಎರಡು ಬೇರು, ಬಾರದ ಸಾಲದ ಖಾತೆಯ ಹಾಗೆ ಅಲ್ಲಾಡದೆ ನಿಂತಿತು. ಬ್ಯಾಂಕಿನಲ್ಲಾದರೆ ತೊಂಬತ್ತು ದಿನಕ್ಕೆ ಎನ್‌ಪಿಎ ಎಂದು ಬರೆದುಬಿಡುತ್ತೇವೆ. ಆಗಸ್ಟಿನ ಒಂದು ಬೆಳಿಗ್ಗೆ, ಕೆಳಗಿನ ಎಲೆಯ ಬುಡದಲ್ಲಿ ಅಕ್ಕಿಕಾಳಿನಷ್ಟು ಹಸಿರು ತುದಿ ಕಂಡಿತು. ಬೇರು. ಹದಿನೈದು ದಿನಕ್ಕೆ ಇನ್ನೊಂದು. ಗಣೇಶನ ಹಬ್ಬದ ಹೊತ್ತಿಗೆ ನಡುವಿನಿಂದ ಹೊಸ ಎಲೆ ನಾಲಿಗೆ ಚಾಚಿತು, ನುಣುಪಾಗಿ, ಗಟ್ಟಿಯಾಗಿ. ಹಳೆಯ ಎಲೆಗಳ ಸುಕ್ಕು ಮಾತ್ರ ಬಿಡಿಸಿಕೊಳ್ಳಲಿಲ್ಲ. ಅವು ಹಾಗೇ ಇವೆ.

ಡಿಸೆಂಬರಿನ ಬೆಂಗಳೂರಿನ ಚಳಿಗೆ ಈ ಗಿಡ ಹೂವಿನ ಕಡ್ಡಿ ಎಬ್ಬಿಸಬೇಕು. ಕೆಲವು ವಾರ ರಾತ್ರಿ ಹದಿನೆಂಟು ಡಿಗ್ರಿಗಿಂತ ಕೆಳಗಿಳಿದರೆ ಅದಕ್ಕೆ ಸೂಚನೆ ಸಿಗುತ್ತದೆ. ಎಲೆಯ ಸಂದಿಯಲ್ಲಿ ಒಂದು ಗಂಟು ಕಂಡಿತು. ತುದಿ ಉರುಟಾಗಿದ್ದರೆ ಬೇರು, ಹೆಬ್ಬೆರಳಿರುವ ಚಳಿಗಾಲದ ಕೈಗವಸಿನ ಹಾಗಿದ್ದರೆ ಹೂವು. ರಾತ್ರಿ ಹಲ್ಲುಜ್ಜುವ ಮುಂಚೆ ಮೊಬೈಲ್ ಟಾರ್ಚ್ ಬಿಟ್ಟು ನೋಡುವುದು ದಿನಚರಿಯಾಯಿತು. ಹಗಲು ನೀರು ಆವಿಯಾಗದಿರಲೆಂದು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ಕತ್ತಲಾದ ಮೇಲೆ ತೆರೆದು ಗಾಳಿ ಎಳೆದುಕೊಳ್ಳುವ ಗಿಡ ಇದು. ನಾನು ಬಗ್ಗಿ ನೋಡುವಾಗ ಅದು ಉಸಿರಾಡುತ್ತಿರುತ್ತದೆ ಎನ್ನುವುದು ಗೊತ್ತಾದ ಮೇಲೆ ಟಾರ್ಚನ್ನು ಸ್ವಲ್ಪ ದೂರ ಹಿಡಿಯುತ್ತೇನೆ. ಹತ್ತು ದಿನಕ್ಕೆ ತುದಿ ಉರುಟಾಯಿತು.

ಮೊನ್ನೆ ಇನ್‌ಸ್ಪೆಕ್ಷನ್ನಿನ ಮುಂಚಿನ ದಿನ ಮ್ಯಾನೇಜರರಿಗೆ ಗಿಡ ನೆನಪಾಯಿತು. "ಮೇಡಂ, ನೀವು ತಗೊಂಡು ಹೋದ್ರಲ್ಲ, ಆ ಆರ್ಕಿಡ್ ಹೂ ಬಿಟ್ಟಿದ್ಯಾ? ನಾಳೆ ಒಂದಿನ ತಂದಿಟ್ರೆ ಚೆನ್ನಾಗಿತ್ತು."

"ಇಲ್ಲ ಸರ್, ಬೇರು ಬಿಟ್ಟಿದೆ."

ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಬಾಟಲಿ ತೊಳೆಯಲು ಫಿಲ್ಟರಿನ ಕಡೆ ಹೋದರು. ಹಳೇ ಜಾಗದಲ್ಲಿ ಈಗ ಯಾರೋ ಕೊಟ್ಟ ಇನ್ನೊಂದು ಗಿಡವಿದೆ, ಬಣ್ಣದ ಕಾಗದ ಸುತ್ತಿದ ಕುಂಡದಲ್ಲಿ. ಮಿಕ್ಕ ನೀರನ್ನು ಅದಕ್ಕೆ ಸುರಿದರು. ಕಾಗದ ಬಿಚ್ಚಿ, ತಳದಲ್ಲಿ ತೂತಿದೆಯೋ ಇಲ್ಲವೋ ನೋಡೋಣವೆಂದು ನಾನು ಕೌಂಟರ್ ಬಿಟ್ಟು ಎದ್ದೆ.